ಸುಳಿ ನೋಡಿ ಕೊಳ್ಳುವ ಲೆನ್ಸು

ದನದ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದವರು ಹಲ್ಲು ಎಣಿಸುತ್ತಾರೆ, ಗೊರಸು ಎತ್ತಿ ನೋಡುತ್ತಾರೆ, ಕೊನೆಗೆ ಮೈಮೇಲಿನ ಸುಳಿ ಹುಡುಕುತ್ತಾರೆ. ಸುಳಿ ಸರಿಯಿಲ್ಲ ಅಂದರೆ ವ್ಯಾಪಾರ ಅಲ್ಲಿಗೇ ಮುಗಿಯಿತು. ಹಳೆಯ ಹಿತ್ತಾಳೆ ಲೆನ್ಸುಗಳ ಸಂತೆಯಲ್ಲೂ ಈಗ ಇದೇ ರೂಢಿ. ಕೊಳ್ಳುವವರು ಮೊದಲು ಕೇಳುವುದೇ ‘ಸುಳಿ ಹೇಗಿದೆ?’ ಎಂದು.

ಈ ಸುಳಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಫೋಟೊದ ನಡುವೆ ಒಂದು ಮುಖ, ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟ. ಕಿವಿಯ ಹತ್ತಿರ ಬರುವಷ್ಟರಲ್ಲೇ ಗೆರೆಗಳು ಮೆತ್ತಗಾಗಿರುತ್ತವೆ. ಹಿಂದಿನ ಮರದ ಎಲೆಗಳೂ ಎಲೆಸಂದಿಯ ಬೆಳಕಿನ ಚುಕ್ಕೆಗಳೂ ಮಡುವಿನಲ್ಲಿ ತರಗೆಲೆ ಸುತ್ತುವ ಹಾಗೆ ಆ ತಲೆಯ ಸುತ್ತ ತಿರುಗುತ್ತಿರುತ್ತವೆ. ಕಂಪ್ಯೂಟರಿನ ಕೈಚಳಕ ಇದರಲ್ಲಿ ಏನೂ ಇಲ್ಲ. ಇದು ಲೆನ್ಸಿನ ದೋಷ, ಅದೂ 180 ವರ್ಷ ದಾಟಿದ ದೋಷ.

1839ರಲ್ಲಿ ಪ್ಯಾರಿಸಿನಲ್ಲಿ ಡಾಗೇರ್ ತನ್ನ ಫೋಟೊ ವಿಧಾನವನ್ನು ಬಹಿರಂಗಪಡಿಸಿದಾಗ ಕ್ಯಾಮೆರಾಗಳಿಗೆ ಇದ್ದ ಶೆವಾಲಿಯೇ ಲೆನ್ಸು ಬಲು ಮಂದ. ಗುಡಿ-ಗೋಪುರವಾದರೆ ಎಷ್ಟು ಹೊತ್ತು ಬೇಕಾದರೂ ನಿಂತಿರುತ್ತದೆ. ಮನುಷ್ಯ ಬಿಸಿಲಿನಲ್ಲಿ ಕಣ್ಣು ಪಿಳುಕಿಸದೆ ನಿಮಿಷಗಟ್ಟಲೆ ಕೂರಬೇಕಲ್ಲ. ಈ ಸಂಕಟವನ್ನು ಪ್ಯಾರಿಸಿನಲ್ಲಿ ಕಂಡು ಬಂದ ವಿಯೆನ್ನಾದ ಪ್ರೊಫೆಸರ್ ಎಟಿಂಗ್ಸ್‌ಹೌಸನ್, ಅದನ್ನು ತಮ್ಮ ಸಹೋದ್ಯೋಗಿ ಯೋಸೆಫ್ ಪೆಟ್ಸ್‌ವಾಲ್‌ಗೆ ಒಪ್ಪಿಸಿದರು. ಇಂದಿನ ಸ್ಲೊವಾಕಿಯಾದಲ್ಲಿ 1807ರಲ್ಲಿ ಹುಟ್ಟಿದ ಪೆಟ್ಸ್‌ವಾಲ್ ಗಣಿತದ ಮೇಷ್ಟ್ರು. ಅಲ್ಲಿಯವರೆಗೆ ಲೆನ್ಸು ಮಾಡುವವರು ಗಾಜು ಉಜ್ಜಿ, ನೋಡಿ, ಮತ್ತೆ ಉಜ್ಜುತ್ತಿದ್ದರು. ಇವರು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದರು. ಲೆಕ್ಕದ ರಾಶಿಗೆ ಆಸ್ಟ್ರಿಯಾ ಸೈನ್ಯದ ಫಿರಂಗಿ ದಳದಿಂದ ಕೂಡಿ ಕಳೆಯುವುದರಲ್ಲಿ ಪಳಗಿದ ಸಿಪಾಯಿಗಳನ್ನು ಎರವಲು ಕೊಟ್ಟರಂತೆ! 1840ರಲ್ಲಿ ಲೆನ್ಸು ಸಿದ್ಧವಾಯಿತು. ಎಫ್/3.6. ಹಳೆಯದಕ್ಕಿಂತ ಹದಿನೈದು-ಇಪ್ಪತ್ತು ಪಟ್ಟು ಹೆಚ್ಚು ಬೆಳಕು.

ತಯಾರಿಸಿದ್ದು ಫೋಕ್ಟ್‌ಲೆಂಡರ್ ಕಂಪನಿ. ಪೆಟ್ಸ್‌ವಾಲ್‌ಗೆ ಸಿಕ್ಕಿದ್ದು ಒಂದೇ ಗಂಟಿನಲ್ಲಿ 2,000 ಗಿಲ್ಡರ್. ಲೆನ್ಸು ಭರ್ಜರಿಯಾಗಿ ಓಡಿತು, ಇಬ್ಬರಿಗೂ ಜಗಳವಾಯಿತು, ಕಂಪನಿ 1849ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲೂ ಕಾರ್ಖಾನೆ ತೆರೆಯಿತು. ಆಸ್ಟ್ರಿಯಾದಿಂದ ಹೊರಗೆ ಪೇಟೆಂಟಿನ ರಕ್ಷಣೆ ಇರಲಿಲ್ಲವಾದ್ದರಿಂದ ಪ್ಯಾರಿಸಿನ ಡಾರ್ಲೊ, ಹೆರ್ಮಾಜಿ, ಲಂಡನ್ನಿನ ರಾಸ್, ಡಾಲ್ಮೆಯರ್, ಅಮೆರಿಕದ ಹ್ಯಾರಿಸನ್ ಎಲ್ಲರೂ ಅದೇ ನಕ್ಷೆಗೆ ಕೈ ಹಾಕಿದರು. ಪೆಟ್ಸ್‌ವಾಲ್‌ಗೆ ಆದ ಅನ್ಯಾಯದಲ್ಲಿ ನಮ್ಮಂಥವರ ಪಾಲಿಗೆ ಒಂದು ಉಪಕಾರವಿದೆ. ಆ ಲೆನ್ಸುಗಳು ಲೆಕ್ಕವಿಲ್ಲದಷ್ಟು ಹುಟ್ಟಿದವು. ಈಗಲೂ ಸಿಗುತ್ತವೆ.

ಸುಳಿ ಏಕೆ ಬರುತ್ತದೆ ಎಂಬುದನ್ನು ನೋಡಲು ಲೆನ್ಸು ಬೇಡ, ಎರಡು ಬಳೆ ಸಾಕು. ಒಂದರ ಹಿಂದೆ ಒಂದನ್ನು ಗೇಣುದ್ದ ಅಂತರದಲ್ಲಿ ಹಿಡಿದು ನೇರವಾಗಿ ನೋಡಿ: ನಡುವಿನ ಕಿಂಡಿ ದುಂಡಗಿದೆ. ತುಸು ಓರೆಮಾಡಿ ನೋಡಿ: ಬಾದಾಮಿಯ ಆಕಾರ. ಪೆಟ್ಸ್‌ವಾಲ್ ಲೆನ್ಸು ಉದ್ದನೆಯ ಕೊಳವೆ. ಮುಂದೆ ಒಂದು ಗಾಜಿನ ಜೋಡಿ, ಹಿಂದೆ ಇನ್ನೊಂದು. ಫೋಟೊದ ಅಂಚಿಗೆ ಹೋಗುವ ಬೆಳಕು ಓರೆಯಾಗಿ ತೂರುವಾಗ ಕೊಳವೆಯ ಬಾಯಿ ಅದನ್ನು ಕತ್ತರಿಸುತ್ತದೆ. ಆಗ ಫೋಕಸ್ ತಪ್ಪಿದ ಒಂದೊಂದು ಬೆಳಕಿನ ಚುಕ್ಕೆಯೂ ದುಂಡಗಾಗುವ ಬದಲು ಬಾದಾಮಿಯಾಗಿ, ಚಕ್ರದ ಪಟ್ಟಿಯಂತೆ ನಡುವಿನ ಸುತ್ತ ಮಲಗುತ್ತದೆ. ಅಸ್ಟಿಗ್ಮ್ಯಾಟಿಸಂ ಎಂಬ ಇನ್ನೊಂದು ದೋಷ ಅದನ್ನು ಅದೇ ದಿಕ್ಕಿಗೆ ಮತ್ತಷ್ಟು ಎಳೆಯುತ್ತದೆ. ಸಾವಿರ ಚುಕ್ಕೆಗಳು ಹೀಗೆ ಮಲಗಿದರೆ ಕಣ್ಣಿಗೆ ಸುಳಿ.

ಇದರ ಫೋಕಸ್ ಬೀಳುವ ಜಾಗವೂ ಚಪ್ಪಟೆಯಲ್ಲ, ಬಟ್ಟಲಿನಂತೆ ಬಾಗಿದ್ದು. ಹಳಬರು ಅದನ್ನೂ ದುಡಿಸಿಕೊಂಡರು. ಗುಂಪು ಫೋಟೊ ತೆಗೆಯುವಾಗ ಕುರ್ಚಿಗಳನ್ನು ಬಿಲ್ಲಿನಂತೆ ಬಾಗಿಸಿ, ತುದಿಯವರನ್ನು ಕ್ಯಾಮೆರಾದ ಕಡೆಗೆ ತುಸು ಮುಂದೆ ಕೂರಿಸಿದರೆ ಎಲ್ಲರ ಮುಖವೂ ಸ್ಪಷ್ಟ. ಗುಡಿಗಳ ಫೋಟೊಗೆ ಮಾತ್ರ ಇದು ಆಗಿಬರುವ ಲೆನ್ಸಲ್ಲ. ಪಿಗೂ, ನೀಲ್, ಬಿಗ್ಸ್ ಎಂಬ ಬ್ರಿಟಿಷ್ ಅಧಿಕಾರಿಗಳು ನಮ್ಮ ಹಳೇಬೀಡಿನಂಥ ಕಡೆಗಳನ್ನು ಚಿತ್ರಿಸಿದ್ದು 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುವಿನ ಪುಸ್ತಕವಾಗಿ ಬಂತು. ಅಂಥ ಕೆಲಸಕ್ಕೆ ಮೂಲೆಯಲ್ಲಿರುವ ಮದನಿಕೆಯ ಕಾಲ್ಗೆಜ್ಜೆಯೂ ಕಾಣಬೇಕು, ಅದು ಸುಳಿಯಲ್ಲಿ ಕರಗಿಹೋದರೆ ಹೇಗೆ?

ಈಗ ನನ್ನ ಪೆದ್ದುತನದ ಪ್ರಸಂಗ. ಕಪ್ಪು ಬಟ್ಟೆ ಹೊದ್ದು, ಮಸುಕು ಗಾಜಿನ ಮೇಲೆ ತಲೆಕೆಳಗಾದ ಚಿತ್ರ ನೋಡುವ ದೊಡ್ಡ ಕ್ಯಾಮೆರಾ ನನ್ನಲ್ಲೂ ಒಂದಿದೆ. ಅದರ ಫಿಲ್ಮು 4×5 ಇಂಚು. ಅದಕ್ಕೆಂದು ಒಬ್ಬ ವ್ಯಾಪಾರಿಯಿಂದ 14 ಇಂಚು ಫೋಕಲ್ ಲೆಂಗ್ತಿನ ಒಂದು ಹಿತ್ತಾಳೆ ಲೆನ್ಸು ತಂದೆ. ಮುಂಭಾಗದ ಗಾಜು ದೋಸೆ ಹಿಟ್ಟಿನ ಸೌಟಿನಷ್ಟು ಅಗಲ, ತೂಕ ಎರಡೂವರೆ ಕಿಲೋ ಮೇಲೆ. ‘ಭರ್ಜರಿ ಸುಳಿ ಸಾರ್’ ಎಂದಿದ್ದ ಪುಣ್ಯಾತ್ಮ. ಕ್ಯಾಮೆರಾದ ಮುಂದಿನ ಹಲಗೆ ಭಾರಕ್ಕೆ ಬಾಗದಂತೆ ಊರುಗೋಲು ಕೊಟ್ಟು ಫೋಟೊ ತೆಗೆದರೆ ಹಿನ್ನೆಲೆ ಬೆಣ್ಣೆಯ ಹಾಗೆ ನುಣ್ಣಗೆ. ಸುಳಿಯ ಸುಳಿವೇ ಇಲ್ಲ.

ಲೆನ್ಸು ಸುಳ್ಳು ಹೇಳಿರಲಿಲ್ಲ. ಅದು ಹೋಲ್ ಪ್ಲೇಟ್ ಎಂಬ ಹಳೆಯ ಅಳತೆಗಿಂತಲೂ ದೊಡ್ಡ ಗಾಜಿನ ಫಲಕಕ್ಕೆ ಮಾಡಿದ್ದು. ಸುಳಿ ಇರುವುದು ಅದರ ಅಂಚಿನಲ್ಲಿ. ನನ್ನ ಚಿಕ್ಕ ಫಿಲ್ಮು ನಡುವಿನ ಶುದ್ಧ ಭಾಗವನ್ನಷ್ಟೇ ಕತ್ತರಿಸಿಕೊಂಡಿತ್ತು. ಸುಳಿ ಬೇಕಾದರೆ ಲೆನ್ಸು ತನ್ನ ಶಕ್ತಿ ಮೀರಿ ದುಡಿಯಬೇಕು. ಕ್ವಾರ್ಟರ್ ಪ್ಲೇಟಿಗೆಂದು, ಅಂದರೆ ಮೂರೂಕಾಲು–ನಾಲ್ಕೂಕಾಲು ಇಂಚಿಗೆಂದು ಮಾಡಿದ ಐದೂವರೆಯಿಂದ ಏಳು ಇಂಚಿನ ಸಣ್ಣ ಲೆನ್ಸನ್ನು 4×5ಕ್ಕೆ ಹಾಕಿ; ಮೂಲೆಗಳು ಕಪ್ಪಾಗುವ ಹೊತ್ತಿಗೆ ಸುಳಿ ಎದ್ದಿರುತ್ತದೆ. ಡಾಲ್ಮೆಯರ್ 3ಬಿ ಎಂಬ ಹೆಸರಾಂತ ಲೆನ್ಸಿಗೆ ಲಕ್ಷದ ಮಾತಾಡುತ್ತಾರೆ. 8×10 ಕ್ಯಾಮೆರಾ ಇದ್ದವರಿಗೆ ಅದು ಸರಿ. ನಮ್ಮಂಥ 4×5ರವರಿಗೆ ಬೇಕಾದದ್ದು ಬಡವರ ಲೆನ್ಸು. ಅಗ್ಗದ್ದು ಎಂದು ರಾಜಿ ಮಾಡಿಕೊಂಡದ್ದಲ್ಲ, ಅದೇ ಸರಿಯಾದ ಲೆನ್ಸು.

ಅಗ್ಗದ ಪೆಟ್ಸ್‌ವಾಲ್‌ಗಳು ಫೋಟೊ ಲೆನ್ಸು ಎಂಬ ಹೆಸರಿನಲ್ಲಿ ಸಿಗುವುದು ಕಡಿಮೆ. ಅವು ಮ್ಯಾಜಿಕ್ ಲ್ಯಾಂಟರ್ನ್ ಒಳಗೆ ಅವಿತಿರುತ್ತವೆ. ಗಾಜಿನ ಸ್ಲೈಡನ್ನು ಗೋಡೆಗೆ ಬಿಡುತ್ತಿದ್ದ ಆ ದೀಪದ ಪೆಟ್ಟಿಗೆಗೆ ಹೆಚ್ಚಾಗಿ ಇದೇ ನಕ್ಷೆಯ ಲೆನ್ಸು ಹಾಕುತ್ತಿದ್ದರು. ಆರು ಇಂಚಿನದೊಂದು ಕೆಲವೇ ಸಾವಿರಕ್ಕೆ ದಕ್ಕುತ್ತದೆ. ವಿದೇಶದಿಂದ ತರಿಸಿದರೆ ಅಂಚೆ ಖರ್ಚು ಮತ್ತು ಕಸ್ಟಮ್ಸ್ ಸುಂಕವನ್ನೂ ಗಂಟಿಗೆ ಸೇರಿಸಿಕೊಳ್ಳಿ. ಹಳೆಯ ಸಿನಿಮಾ ಪ್ರೊಜೆಕ್ಟರಿನ ಲೆನ್ಸುಗಳೂ ಬಹುಪಾಲು ಇದೇ ಕುಲದವು. ಟೂರಿಂಗ್ ಟಾಕೀಸುಗಳು ಮುಚ್ಚಿದ ಮೇಲೆ ಅವೆಲ್ಲ ಗುಜರಿಗೆ ಬಂದವು. ಅವುಗಳಲ್ಲಿ ಮೂರ್ನಾಲ್ಕು ಇಂಚಿನವು ಬೇಡ, ಚಿತ್ರ ನಡುವೆ ಒಂದು ರೊಟ್ಟಿಯಷ್ಟೇ ಬೀಳುತ್ತದೆ. ಐದಕ್ಕಿಂತ ಮೇಲಿನದು ಕಂಡರೆ ಬಿಡಬೇಡಿ. ಪುಸ್ತಕದ ಪುಟವನ್ನು ಗೋಡೆಗೆ ಬಿಡುತ್ತಿದ್ದ, ಕಾಲೇಜುಗಳ ಬಾಟನಿ ವಿಭಾಗದ ಎಪಿಡಯಾಸ್ಕೋಪಿನ ಲೆನ್ಸು ಅಗಲಕ್ಕೇನೋ ಬರುತ್ತದೆ, ಸುಳಿಯ ಭರವಸೆ ಕೊಡಲಾರೆ.

ಕೊಳವೆಯ ಮೇಲೆ ಹೆಸರಿಲ್ಲ ಎಂದು ಹಿಂಜರಿಯಬೇಡಿ. ಆ ಕಾಲದಲ್ಲಿ ಒಬ್ಬರು ಮಾಡಿದ್ದಕ್ಕೆ ಮಾರುವವರು ತಮ್ಮ ಹೆಸರು ಕೆತ್ತುತ್ತಿದ್ದರು, ಕೆಲವರು ಕೆತ್ತುತ್ತಲೇ ಇರಲಿಲ್ಲ. ಹೆಸರಿಗೆ ಕೊಡುವ ದುಡ್ಡು ಫೋಟೊದಲ್ಲಿ ಕಾಣುವುದಿಲ್ಲ. ಜಾತಿ ಪತ್ತೆಮಾಡಲು ಒಂದು ಬಲ್ಬಿದ್ದರೆ ಸಾಕು. ಮುಂದಿನ ಗಾಜಿನ ಜೋಡಿಯನ್ನು ತಿರುಗಿಸಿ ಬಿಚ್ಚಿ, ಬಲ್ಬಿನ ಕೆಳಗೆ ಓರೆಯಾಗಿ ಹಿಡಿದು, ಗಾಜಿನಲ್ಲಿ ಮೂಡುವ ಬಲ್ಬಿನ ಪ್ರತಿಬಿಂಬ ಎಣಿಸಿ. ಎರಡು ಜೋರಾದವು, ಒಂದು ಮಂಕಾದದ್ದು ಕಂಡರೆ ಅದು ಅಂಟಿಸಿದ ಜೋಡಿ. ಹಿಂದಿನದನ್ನು ಹಾಗೆಯೇ ಹಿಡಿದಾಗ ನಾಲ್ಕೂ ಜೋರಾಗಿ ಕಂಡರೆ ನಡುವೆ ಗಾಳಿ ಬಿಟ್ಟ ಜೋಡಿ. ಮುಂದೆ ಅಂಟು, ಹಿಂದೆ ಗಾಳಿ: ಪೆಟ್ಸ್‌ವಾಲ್ ಅಂದರೆ ಇಷ್ಟೇ. ಹಿಂದಿನ ಎರಡು ಗಾಜುಗಳನ್ನು ಯಾರೋ ತೊಳೆದು ತಿರುಗುಮುರುಗಾಗಿ ಜೋಡಿಸಿರುವುದು ಸಾಮಾನ್ಯ. ಚಿತ್ರ ಎಲ್ಲಿಯೂ ಸ್ಪಷ್ಟವಾಗದಿದ್ದರೆ ಬೈಯುವ ಮೊದಲು ತಿರುಗಿಸಿ ನೋಡಿ.

ಅಳತೆಗೆ ಕಿಟಕಿ ಸಾಕು. ಕತ್ತಲ ಕೋಣೆಯಲ್ಲಿ ಬಿಳಿ ಹಾಳೆಯ ಮೇಲೆ ದೂರದ ಮರದ ಚಿತ್ರ ಬೀಳಿಸಿ, ಲೆನ್ಸಿನ ನಡುವಿನಿಂದ ಹಾಳೆಗೆ ಎಷ್ಟು ಇಂಚು ನೋಡಿ; ಅದೇ ಫೋಕಲ್ ಲೆಂಗ್ತು. ಅದನ್ನು ಮುಂಗಾಜಿನ ಅಗಲದಿಂದ ಭಾಗಿಸಿದರೆ ಎಫ್ ಸಂಖ್ಯೆ. ಏಳು ಇಂಚಿಗೆ ಎರಡು ಇಂಚು ಗಾಜು, ಮೂರೂವರೆ. ಅಂಚಿನಲ್ಲಿ ಅಂಟು ಬಿಟ್ಟು ಕಾಮನಬಿಲ್ಲು ಕಂಡರೆ, ಮುಂಗಾಜಿನಲ್ಲಿ ಗೀರಿದ್ದರೆ ಬೆಲೆ ಇಳಿಸಲು ಒಳ್ಳೆಯ ನೆಪ. ಚಿತ್ರಕ್ಕೆ ಅಂಥ ತೊಂದರೆಯಿಲ್ಲ. ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಮೇಲಿನ ಅರಗು ಹೋದರೆ ಮತ್ತೆ ಬಾರದು.

ಇವಕ್ಕೆ ಶಟರ್ ಇರುವುದಿಲ್ಲ. ಸ್ಪೀಡ್ ಗ್ರಾಫಿಕ್ ಎಂಬ ಅಮೆರಿಕನ್ ಕ್ಯಾಮೆರಾದ ಬೆನ್ನಲ್ಲೇ ಶಟರ್ ಇದೆ, ಸಿಕ್ಕರೆ ಪುಣ್ಯ. ರಬ್ಬರ್ ಬುರುಡೆ ಒತ್ತುವ ಪ್ಯಾಕರ್ಡ್ ಶಟರ್ ಇನ್ನೊಂದು ದಾರಿ. ನನ್ನ ದಾರಿ ಮೂರನೆಯದು: ಫಿಲ್ಮಿನ ಬದಲು ಫೋಟೊ ಕಾಗದ. ಅದು ಎಷ್ಟು ಜಡವೆಂದರೆ ಸಂಜೆಯ ಮರದ ನೆರಳಿನಲ್ಲಿ ಒಂದೆರಡು ಸೆಕೆಂಡು ಬೇಕು. ಮುಚ್ಚಳ ತೆಗೆದು, ‘ಒಂದು, ಎರಡು’ ಎಂದು ಮುಚ್ಚಿದರಾಯಿತು. ಕಾಗದಕ್ಕೆ ಕೆಂಪು ಕಾಣುವುದಿಲ್ಲ, ಅಮ್ಮನ ಹಣೆಯ ಕುಂಕುಮ ಕಾಡಿಗೆಯ ಬೊಟ್ಟಾಗುತ್ತದೆ. ಕೈ ಪಳಗಿದ ಮೇಲೆ ಎಕ್ಸ್‌ರೇ ಫಿಲ್ಮಿಗೆ ಹೋಗಬಹುದು. 8×10ರ ಒಂದು ಹಾಳೆ ಕತ್ತರಿಸಿದರೆ ನಾಲ್ಕು ಫೋಟೊ. ಹಸಿರಿಗೆ ಸ್ಪಂದಿಸುವ ಬಗೆಯನ್ನು ಕೆಂಪು ದೀಪದಲ್ಲೇ ತೊಳೆಯಬಹುದು, ಉಗುರು ತಾಗದಂತೆ ನೋಡಿಕೊಂಡರೆ ಸಾಕು.

ಕ್ಯಾಮೆರಾ ಯಾವುದಾದರೂ ಆದೀತು. ಕೇರಳದ ಅಲಪ್ಪುಳದಲ್ಲಿ ವಾದ್ಯ ರಿಪೇರಿಯ ಮನೆತನವೊಂದು 1940ರ ದಶಕದಲ್ಲಿ ಮರದ ವಾಗೀಶ್ವರಿ ಕ್ಯಾಮೆರಾ ಮಾಡಲು ತೊಡಗಿತು. ದಕ್ಷಿಣದ ಎಷ್ಟೋ ಸ್ಟುಡಿಯೋಗಳಲ್ಲಿ ಮುಕ್ಕಾಲಿಯ ಮೇಲೆ ನಿಂತಿದ್ದುದು ಅದೇ. ಅದರ ಮುಂದಿನ ಹಲಗೆಗೆ ಊರ ಬಡಗಿಯಿಂದ ತೂತು ಕೊರೆಸಿ, ಮಖಮಲ್ಲಿನ ಪಟ್ಟಿ ಸುತ್ತಿ ಲೆನ್ಸು ತುರುಕಿದರೆ ಬೆಳಕು ಸೋರುವುದಿಲ್ಲ.

ಇಷ್ಟಾದರೂ ಖಾಲಿ ಗೋಡೆಯ ಮುಂದೆ ಕೂರಿಸಿದರೆ ಸುಳಿ ಬರುವುದಿಲ್ಲ, ಸುತ್ತಲು ಅಲ್ಲಿ ಏನೂ ಇರುವುದಿಲ್ಲ. ಸಣ್ಣ ಎಲೆ, ನಡುನಡುವೆ ಆಕಾಶ ಬೇಕು. ಹುಣಸೆ ಮರ ಇದಕ್ಕೆ ಹೇಳಿ ಮಾಡಿಸಿದ್ದು. ಕೂತವರಿಂದ ಹತ್ತು–ಹದಿನೈದು ಅಡಿ ಹಿಂದೆ ಅದಿರಲಿ, ಮುಖ ಚೌಕಟ್ಟಿನ ನಟ್ಟನಡುವೆ ಇರಲಿ, ಲೆನ್ಸಿನ ಬಾಯಿ ಪೂರ್ತಿ ತೆರೆದಿರಲಿ. ರಂಧ್ರ ಕಿರಿದು ಮಾಡಿದ ಕೂಡಲೇ ಸುಳಿ ಆರಿಹೋಗುತ್ತದೆ. 2013ರಲ್ಲಿ ಲೋಮೋಗ್ರಫಿ ಕಂಪನಿ ಜನರಿಂದ ಮುಂಗಡ ಹಣ ಎತ್ತಿ, ಸಣ್ಣ ಕ್ಯಾಮೆರಾಗಳಿಗೆ 85 ಮಿ.ಮೀ.ನ ಹೊಸ ಪೆಟ್ಸ್‌ವಾಲ್ ಮಾಡಿಸಿದ ಮೇಲೆ ಮದುವೆ ಆಲ್ಬಮ್ಮುಗಳಲ್ಲೂ ಸುಳಿ ಕಾಣಿಸಿಕೊಂಡಿದೆ. ಪ್ರತಿ ಪುಟದಲ್ಲೂ ಸುತ್ತಿದರೆ ತಲೆ ಸುತ್ತು ಬರುತ್ತದೆ ಎಂಬುದು ನನ್ನ ದೂರು. ವರ್ಷಕ್ಕೆ ನಾಲ್ಕು ಫೋಟೊ ಸಾಕು.

ನಿಮ್ಮೂರಿನಲ್ಲಿ ಬಾಗಿಲು ಹಾಕಿದ ಸ್ಟುಡಿಯೋ ಇದ್ದರೆ, ಮುಚ್ಚಿದ ಟಾಕೀಸಿನ ಸಾಮಾನು ಯಾರದೋ ಅಟ್ಟದಲ್ಲಿದ್ದರೆ, ಒಂದು ಮಾತು. ಹಿತ್ತಾಳೆ ಕೊಳವೆಯನ್ನು ಗುಜರಿಯವನ ತಕ್ಕಡಿಗೆ ಹಾಕುವ ಮೊದಲು ಬಲ್ಬಿನ ಕೆಳಗೆ ಹಿಡಿದು ಪ್ರತಿಬಿಂಬ ಎಣಿಸಿ.