ಆಟದ ಲೆಕ್ಕದ ಹಾಳೆ ಹೇಳುವುದೇನು, ಹೇಳದಿರುವುದೇನು?

1962ನೆಯ ಇಸವಿ ಮಾರ್ಚ್ 2ರ ರಾತ್ರಿ ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿರುವ, ಚಾಕೊಲೇಟ್ ಕಾರ್ಖಾನೆಗೆ ಹೆಸರಾದ ಹರ್ಷಿ ಎಂಬ ಊರಿನಲ್ಲಿ ಒಂದು ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯಿತು. ಫಿಲಡೆಲ್ಫಿಯ ವಾರಿಯರ್ಸ್ ತಂಡದವರು 169 ಅಂಕಗಳನ್ನೂ ನ್ಯೂಯಾರ್ಕ್ ನಿಕ್ಸ್ ತಂಡದವರು 147 ಅಂಕಗಳನ್ನೂ ಗಳಿಸಿದರು. ಗೆದ್ದ ತಂಡದ ವಿಲ್ಟ್ ಚೇಂಬರ್ಲೇನ್ ಎಂಬ, ಏಳು ಅಡಿ ಒಂದು ಅಂಗುಲ ಎತ್ತರದ ಆಟಗಾರನು ತಾನೊಬ್ಬನೇ 100 ಅಂಕಗಳನ್ನು ಸಂಪಾದಿಸಿದನು. ಆ ಆಟವನ್ನು ನೋಡಿದವರು 4,124 ಮಂದಿ. ಅದು ಟೆಲಿವಿಷನ್ನಿನಲ್ಲಿ ಪ್ರಸಾರವಾಗಲಿಲ್ಲ. ಅದರ ಚಲಚ್ಚಿತ್ರವೂ ಇಲ್ಲ. ರೇಡಿಯೋ ವರದಿಯಲ್ಲಿ ಕೊನೆಯ ಭಾಗದ ಧ್ವನಿಮುದ್ರಣವಷ್ಟೇ ಉಳಿದು ಬಂದಿದೆ. ಹೀಗಿರುವಲ್ಲಿ ನಮಗೆ ಆ ರಾತ್ರಿಯ ಮುಖ್ಯ ಸಾಕ್ಷಿಯೆಂದರೆ ಅಂಕಣದ ಬದಿಯಲ್ಲಿ ಕುಳಿತವರು ಬರೆದಿಟ್ಟ ಒಂದು ಹಾಳೆಯ ಲೆಕ್ಕ.

ಸಾಕ್ಷಿಯ ಮಾತನ್ನು ಒಪ್ಪುವ ಮುನ್ನ ಪಾಟೀಸವಾಲು ಮಾಡುವುದು ನ್ಯಾಯಾಲಯದ ಪದ್ಧತಿ. ಅಂಕಿಗಳ ವಿಷಯದಲ್ಲಿಯೂ ಅದನ್ನೇ ಅನುಸರಿಸೋಣ.

ಕೂಡಿ ನೋಡುವ ಪರೀಕ್ಷೆ

ಆಗಿನ ನಿಯಮದಂತೆ ಅಂಕಣದಿಂದ ಎಸೆದ ಚೆಂಡು ಬುಟ್ಟಿಯೊಳಗೆ ಬಿದ್ದರೆ, ದೂರ ಎಷ್ಟೇ ಇರಲಿ, 2 ಅಂಕ. ದೂರದ ಎಸೆತಕ್ಕೆ 3 ಅಂಕ ಕೊಡುವ ಏರ್ಪಾಡು ಈ ಲೀಗಿನಲ್ಲಿ 1979ರಲ್ಲಿ ಬಂದಿತು. ಎದುರಾಳಿ ಫೌಲ್ ಮಾಡಿದುದಕ್ಕಾಗಿ ದೊರೆಯುವ, ಯಾರೂ ಅಡ್ಡ ಬರದಿರುವ ಬಿಡಿ ಎಸೆತವಾದ ಫ್ರೀ ಥ್ರೋವಿಗೆ 1 ಅಂಕ. ಚೇಂಬರ್ಲೇನನು ಅಂಕಣದಿಂದ 63 ಸಲ ಎಸೆದು 36 ಸಲ ಸಫಲನಾದನು. ಬಿಡಿ ಎಸೆತಗಳಲ್ಲಿ 32ಕ್ಕೆ 28ನ್ನು ಬುಟ್ಟಿಗೆ ಹಾಕಿದನು. 72 ಮತ್ತು 28 ಕೂಡಿದರೆ 100. ಆಟದ ನಾಲ್ಕು ಭಾಗಗಳಲ್ಲಿ ಅವನ ಗಳಿಕೆ ಕ್ರಮವಾಗಿ 23, 18, 28, 31. ಇವುಗಳ ಮೊತ್ತವೂ 100.

ಇನ್ನು ತಂಡದ ಲೆಕ್ಕ. ವಾರಿಯರ್ಸ್ ತಂಡದ ಸಫಲ ಎಸೆತಗಳು 63, ಬಿಡಿ ಎಸೆತಗಳು 43. ಅಂದರೆ 126 ಮತ್ತು 43 ಸೇರಿ 169. ಕಾಲದ ಲೆಕ್ಕವನ್ನೂ ಪರೀಕ್ಷಿಸಬಹುದು. ಆಟದ ಅವಧಿ 48 ನಿಮಿಷ, ಒಂದು ತಂಡದಿಂದ ಏಕಕಾಲಕ್ಕೆ ಅಂಕಣದಲ್ಲಿರುವವರು ಐವರು. ಆದುದರಿಂದ ಎಲ್ಲರೂ ಆಡಿದ ನಿಮಿಷಗಳ ಮೊತ್ತ 240 ಆಗಲೇಬೇಕು. ಆ ರಾತ್ರಿ ವಾರಿಯರ್ಸ್ ಪರ ಆಡಿದ ಒಂಬತ್ತು ಮಂದಿಯ ನಿಮಿಷಗಳು 48, 48, 40, 34, 31, 14, 14, 8, 3. ಓದುಗರು ತಾವೇ ಕೂಡಿ ನೋಡಬಹುದು. ಅಡ್ಡಸಾಲು ಉದ್ದಸಾಲು ಎರಡೂ ತಾಳೆಯಾಗುವ ಲೆಕ್ಕದಲ್ಲಿ ಸುಳ್ಳನ್ನು ಸೇರಿಸುವುದು ಸುಲಭವಲ್ಲ: ಒಂದು ಅಂಕಿಯನ್ನು ತಿದ್ದಿದರೆ ಬೇರೆ ನಾಲ್ಕು ಅಂಕಿಗಳನ್ನೂ ತಿದ್ದಬೇಕಾಗುತ್ತದೆ.

ಅವಕಾಶ ಎಷ್ಟಿತ್ತು?

ಲೆಕ್ಕ ನಿಜವೆಂದು ತಿಳಿದ ಮೇಲೆ ಅದರ ಅರ್ಥವೇನೆಂದು ಕೇಳಬೇಕು. ಅಂಕಗಳಿಗಿಂತ ಮೊದಲು ಗಮನಿಸಬೇಕಾದುದು ಅವಕಾಶಗಳನ್ನು. ಅಂದು ವಾರಿಯರ್ಸ್ 115 ಸಲ, ನಿಕ್ಸ್ 118 ಸಲ ಅಂಕಣದಿಂದ ಚೆಂಡನ್ನೆಸೆದರು, ಒಟ್ಟು 233. 48 ನಿಮಿಷಗಳೆಂದರೆ 2,880 ಸೆಕೆಂಡುಗಳು. ಸರಾಸರಿ 12 ಸೆಕೆಂಡುಗಳಿಗೊಮ್ಮೆ ಒಂದು ಎಸೆತವಾಯಿತೆಂದು ಭಾಗಾಕಾರ ಹೇಳುತ್ತದೆ.

ಈ ವೇಗದ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. 1950ರ ನವೆಂಬರ್ 22ರಂದು ಇದೇ ಲೀಗಿನ ಫೋರ್ಟ್ ವೇನ್ ತಂಡವು ಮಿನಿಯಾಪೊಲಿಸ್ ತಂಡವನ್ನು 19ಕ್ಕೆ 18ರಂತೆ ಸೋಲಿಸಿತ್ತು. ಚೆಂಡನ್ನು ಎಸೆಯದೆ ತಮ್ಮಲ್ಲಿಯೇ ಹಿಡಿದಿಟ್ಟುಕೊಂಡು ಕಾಲ ಕಳೆಯುವುದಕ್ಕೆ ಆಗ ಯಾವ ತಡೆಯೂ ಇರಲಿಲ್ಲ. ಪ್ರೇಕ್ಷಕರಿಗೆ ಬೇಸರ ಬಾರದೆ ಇದ್ದೀತೆ? ಸಿರಾಕ್ಯೂಸ್ ತಂಡದ ಒಡೆಯನಾದ ಡ್ಯಾನಿ ಬಯಾಸೋನ್ ಎಂಬವನು ಹಳೆಯ ಆಟಗಳ ಲೆಕ್ಕದ ಹಾಳೆಗಳನ್ನು ನೋಡಿ, ಜನ ಮೆಚ್ಚಿದ ಆಟಗಳಲ್ಲಿ ಒಂದೊಂದು ತಂಡವೂ ಸುಮಾರು 60 ಸಲ ಎಸೆದಿರುವುದನ್ನು ಕಂಡನು. 2,880 ಸೆಕೆಂಡುಗಳನ್ನು 120 ಎಸೆತಗಳಿಗೆ ಹಂಚಿದರೆ ಒಂದಕ್ಕೆ 24. ಚೆಂಡು ಕೈಗೆ ಬಂದ 24 ಸೆಕೆಂಡುಗಳೊಳಗೆ ಎಸೆಯಲೇಬೇಕೆಂಬ ನಿಯಮ 1954ರಲ್ಲಿ ಜಾರಿಗೆ ಬಂದಿತು. ಆಟದಿಂದ ಹುಟ್ಟಿದ ಲೆಕ್ಕವೇ ಮರಳಿ ಆಟವನ್ನು ಬದಲಾಯಿಸಿದ್ದು ಹೀಗೆ. ಈ ಗಡಿಯಾರವಿಲ್ಲದಿದ್ದ ಕಾಲದಲ್ಲಿ ಒಬ್ಬನೇ ಆಟಗಾರನಿಗೆ 63 ಎಸೆತಗಳ ಅವಕಾಶ ದೊರೆಯುವುದು ಊಹೆಗೂ ಮೀರಿದ ಮಾತು.

ಅದೃಷ್ಟದ ಪಾಲೂ ಹಾಳೆಯಲ್ಲಿ ಕಾಣುತ್ತದೆ. ಚೇಂಬರ್ಲೇನನು ಬಿಡಿ ಎಸೆತಗಳಲ್ಲಿ ದುರ್ಬಲನೆಂದೇ ಪ್ರಸಿದ್ಧನಾಗಿದ್ದನು. ಆ ವರ್ಷ ಅವನ ಸಾಫಲ್ಯ ನೂರಕ್ಕೆ 61. ಆ ರಾತ್ರಿ ಮಾತ್ರ ನೂರಕ್ಕೆ 87ಕ್ಕಿಂತ ಹೆಚ್ಚು. ವಾಡಿಕೆಯಂತೆ ಎಸೆದಿದ್ದರೆ 32ರಲ್ಲಿ ಸುಮಾರು 20 ಮಾತ್ರ ಬುಟ್ಟಿ ಸೇರಿ, ಅವನ ಗಳಿಕೆ 92ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಸಹಾಯ ಮಾಡಿದವರ ಹೆಸರೂ ಅಲ್ಲಿಯೇ ಇದೆ. ಚೆಂಡನ್ನು ಒದಗಿಸಿ ಜೊತೆಗಾರನ ಸಫಲ ಎಸೆತಕ್ಕೆ ಕಾರಣವಾಗುವುದನ್ನು ಅಸಿಸ್ಟ್ ಎನ್ನುತ್ತಾರೆ. ಗೈ ರಾಜರ್ಸ್ ಎಂಬಾತನ ಹೆಸರಿನ ಮುಂದೆ ಅಂಕಗಳು 11, ಅಸಿಸ್ಟ್‌ಗಳು 20. ಅಂಕಗಳ ಸಾಲನ್ನಷ್ಟೇ ಓದುವವರು ಇವನನ್ನು ಕಾಣದೆ ಮುಂದೆ ಹೋಗುತ್ತಾರೆ.

ಎಣಿಸದೆ ಬಿಟ್ಟದ್ದು

ಹಾಳೆ ಹೇಳದಿರುವುದೂ ಉಂಟು. ಕೊನೆಯ ನಿಮಿಷಗಳಲ್ಲಿ ನಿಕ್ಸ್ ಆಟಗಾರರು ಚೆಂಡು ಚೇಂಬರ್ಲೇನನ ಕೈಗೆ ಹೋಗದಿರಲೆಂದು ಅವನ ಜೊತೆಗಾರರ ಮೇಲೆ ಬೇಕೆಂದೇ ಫೌಲ್ ಮಾಡಿದರು. ವಾರಿಯರ್ಸ್ ಆಟಗಾರರು ಚೆಂಡನ್ನು ಬೇಗ ಮರಳಿ ಪಡೆಯಲೆಂದು ತಾವೂ ಹಾಗೆಯೇ ಮಾಡಿದರು. ಹಾಳೆಯಲ್ಲಿ ಫೌಲುಗಳ ಸಂಖ್ಯೆ ಇದೆ. ಅವುಗಳ ಉದ್ದೇಶ ಇಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲಿಯೇ ತಡೆದು ನಿಲ್ಲಿಸುವ ಬ್ಲಾಕ್ ಎಂಬ ಕೌಶಲವನ್ನೂ, ಎದುರಾಳಿಯಿಂದ ಚೆಂಡನ್ನು ಕಸಿದುಕೊಳ್ಳುವುದನ್ನೂ ಲೀಗಿನವರು ಅಧಿಕೃತವಾಗಿ ಎಣಿಸತೊಡಗಿದುದು 1973–74ರ ಋತುವಿನಲ್ಲಿ. ಚೇಂಬರ್ಲೇನನು ಈ ಲೀಗಿನಲ್ಲಿ ಕೊನೆಯದಾಗಿ ಆಡಿದುದು 1972–73ರಲ್ಲಿ. ಅವನ ಪ್ರತಿಸ್ಪರ್ಧಿಯೂ ಬ್ಲಾಕ್ ಮಾಡುವುದರಲ್ಲಿ ನಿಪುಣನೂ ಆಗಿದ್ದ ಬಾಸ್ಟನ್ ತಂಡದ ಬಿಲ್ ರಸಲ್ 1969ರಲ್ಲಿಯೇ ನಿವೃತ್ತನಾಗಿದ್ದನು. ಹೀಗಾಗಿ ತಡೆಯುವ ಕಲೆಯಲ್ಲಿ ಅಗ್ರಗಣ್ಯರಾದ ಈ ಇಬ್ಬರ ಹೆಸರಿನಲ್ಲಿ ಅಧಿಕೃತ ದಾಖಲೆಯಲ್ಲಿ ಒಂದು ಬ್ಲಾಕ್ ಕೂಡ ಇಲ್ಲ. ಸಾವಿರಾರು ಜನ ಕಣ್ಣಾರೆ ಕಂಡ ಶ್ರಮ, ಎಣಿಸುವವರಿಲ್ಲದೆ ಲೆಕ್ಕದಿಂದ ಹೊರಗೆ ಉಳಿಯಿತು.

1961–62ರ ಆ ಋತುವಿನಲ್ಲಿ ಚೇಂಬರ್ಲೇನನು 80 ಪಂದ್ಯಗಳಲ್ಲಿ 4,029 ಅಂಕಗಳನ್ನು ಗಳಿಸಿದನು. ಪಂದ್ಯಕ್ಕೆ ಸರಾಸರಿ 50ಕ್ಕೂ ಮೇಲೆ. ರಸಲನ ಸರಾಸರಿ 19ಕ್ಕೂ ಕಡಿಮೆ. ವರ್ಷದ ಅತ್ಯಮೂಲ್ಯ ಆಟಗಾರನೆಂಬ ಪ್ರಶಸ್ತಿಯನ್ನು ಆಗ ಆಟಗಾರರೇ ಮತ ಹಾಕಿ ನಿರ್ಣಯಿಸುತ್ತಿದ್ದರು. ಆ ವರ್ಷ ಅವರು ಆರಿಸಿದುದು ರಸಲನನ್ನು. ಬಾಸ್ಟನ್ ತಂಡವು ಏಳು ಪಂದ್ಯಗಳ ಸರಣಿಯಲ್ಲಿ ವಾರಿಯರ್ಸ್ ತಂಡವನ್ನು 4ಕ್ಕೆ 3ರಂತೆ ಸೋಲಿಸಿ, ಮುಂದೆ ಲೀಗಿನ ಚಾಂಪಿಯನ್ ಪಟ್ಟವನ್ನೂ ಗೆದ್ದಿತು. ರಸಲನ ಎದುರಿಗೆ ನಿಂತು ಚೆಂಡನ್ನೆಸೆದವರಿಗೆ ಅವನ ಬೆಲೆ ಹಾಳೆಯ ನೆರವಿಲ್ಲದೆಯೇ ತಿಳಿದಿತ್ತು.

ಅಂಕಿಅಂಶಗಳನ್ನು ಅಲ್ಲಗಳೆಯುವುದಕ್ಕೆ ನಾವು ಇದನ್ನು ಹೇಳುತ್ತಿಲ್ಲ. ಹರ್ಷಿಯ ಆ ಹಾಳೆ ಇಲ್ಲದಿದ್ದರೆ ನೂರು ಅಂಕಗಳ ಮಾತು ಇಂದಿಗೆ ಕಟ್ಟುಕಥೆಯಂತೆ ತೋರುತ್ತಿತ್ತು. ಆದರೆ ಯಾವ ಲೆಕ್ಕವನ್ನೇ ಆಗಲಿ ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು: ಮೊತ್ತಗಳು ತಾಳೆಯಾಗುತ್ತವೆಯೆ? ಅವಕಾಶಗಳು ಎಷ್ಟಿದ್ದವು? ಎಣಿಸದೆ ಬಿಟ್ಟದ್ದು ಏನು? ಮೊದಲನೆಯ ಎರಡಕ್ಕೆ ಉತ್ತರ ಹಾಳೆಯಲ್ಲಿಯೇ ಸಿಕ್ಕುತ್ತದೆ. ಮೂರನೆಯದಕ್ಕೆ ಮಾತ್ರ ಹಾಳೆಯಿಂದ ತಲೆಯೆತ್ತಿ ಅಂಕಣದ ಕಡೆ ನೋಡಬೇಕಾಗುತ್ತದೆ.