ಸಿಗ್ನೇಚರ್: ಹೆಸರಲ್ಲ, ಗುರುತು

ಬೆಳಗಾವಿಯ ಕಚೇರಿಗಳಲ್ಲಿ ದಿನವೂ ಕಿವಿಗೆ ಬೀಳುವ ಮಾತು 'ಸಹಿ ಮಾಡ್ರಿ' ಎಂಬುದು. ಸರಿಯಾದುದು, ನಿಜವಾದುದು ಎಂಬರ್ಥದ ಅರಬ್ಬೀ ಶಬ್ದ 'ಸಹೀಹ್' ನಮ್ಮಲ್ಲಿ ಸಹಿಯಾಯಿತು. ಇದಕ್ಕೆ ಇಂಗ್ಲಿಷಿನವರು 'ಸಿಗ್ನೇಚರ್' ಎನ್ನುವರು. ಆ ಶಬ್ದದ ಮೂಲವನ್ನು ಅರಸುತ್ತ ಹೋದರೆ ಅಲ್ಲಿ ಹೆಸರಿನ ಸುಳಿವೇ ಇಲ್ಲ! ಲ್ಯಾಟಿನ್ ಭಾಷೆಯ 'ಸಿಗ್ನುಮ್' ಎಂದರೆ ಗುರುತು. 'ಸಿಗ್ನಾರೆ' ಎಂದರೆ ಗುರುತಿಡು, ಮುದ್ರೆಯೊತ್ತು. 'ಸೀಲ್' ಎಂಬ ಶಬ್ದವೂ ಅದೇ ಕುಲದ್ದು. 'ಪುಟ್ಟ ಗುರುತು' ಎಂಬುದೇ ಅದರ ಮೂಲಾರ್ಥ.

ಮುದ್ರೆಯು ಸಹಿಯ ಕೆಲಸ ಮಾಡುತ್ತಿದ್ದುದಕ್ಕೆ ನಿದರ್ಶನ ಹುಡುಕಲು ನಾವು ರೋಮಿಗೆ ಹೋಗಬೇಕಾಗಿಲ್ಲ. ಖಾನಾಪುರ ತಾಲೂಕಿನ ಹಲಸಿಯು ಹಿಂದೆ ಪಲಾಶಿಕಾ ಎಂಬ ಹೆಸರಿನಿಂದ ಕದಂಬರ ಪ್ರಮುಖ ನಗರವಾಗಿತ್ತು. ಅಲ್ಲಿ ದೊರೆತ ಕದಂಬ ಅರಸರ ತಾಮ್ರಶಾಸನಗಳನ್ನು ಜೆ. ಎಫ್. ಫ್ಲೀಟರು 19ನೆಯ ಶತಮಾನದಲ್ಲಿ ಪ್ರಕಟಿಸಿದರು. ತಾಮ್ರದ ಹಲಗೆಗಳಿಗೆ ರಂಧ್ರ ಕೊರೆದು, ಬಳೆ ಪೋಣಿಸಿ, ಅದರ ತುದಿಗಳನ್ನು ರಾಜಮುದ್ರೆಯಲ್ಲಿ ಬೆಸೆಯುವುದು ಇಂಥ ಶಾಸನಗಳ ರೂಢಿ. ನಡುವೆ ಖೋಟಾ ಹಲಗೆ ಸೇರಿಸಬೇಕಾದರೆ ಬಳೆಯನ್ನು ಕತ್ತರಿಸಬೇಕು. ಕತ್ತರಿಸಿದರೆ ಮೋಸವು ಬಯಲಾಗುವುದು. ದಾನ ಪಡೆದವರ ಭೂಮಿಗೆ ಆ ಮುದ್ರೆಯೇ ಕಾವಲು.

ಕಾಲಕ್ರಮದಲ್ಲಿ ಸಿಗ್ನೇಚರ್ ಶಬ್ದದ ಅರ್ಥ ಹಿಗ್ಗಿತು. ವಸ್ತುವೊಂದನ್ನು ನಿಸ್ಸಂದೇಹವಾಗಿ ತೋರಿಸಿಕೊಡುವ ಲಕ್ಷಣವನ್ನು ವಿಜ್ಞಾನಿಗಳು ಅದರ ಸಿಗ್ನೇಚರ್ ಎಂದೇ ಕರೆಯುತ್ತಾರೆ. ಕಾದ ಅನಿಲದ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿದರೆ ಬಣ್ಣದ ಗೆರೆಗಳು ಕಾಣುವುವು. ಪ್ರತಿ ಮೂಲವಸ್ತುವಿಗೂ ಅದರದೇ ಗೆರೆಗಳು. ಅವೇ ಅದರ ಸಹಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು, ಬೆಳಗಾವಿಯ ಈಶಾನ್ಯಕ್ಕಿರುವ ಜಮಖಂಡಿಯಲ್ಲಿ ಸೇನಾಧಿಕಾರಿ ಜಾನ್ ಹರ್ಷೆಲರು ಸೂರ್ಯನಂಚಿನ ಜ್ವಾಲೆಗಳಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡರು. ಕಿತ್ತಳೆ ಗೆರೆ ಸೋಡಿಯಮ್ಮಿನದೆಂದು ಮೊದಲು ತೋರಿತು. ಆದರೆ ಸೋಡಿಯಮ್ಮಿನ ಜೋಡಿಗೆರೆಗಳ ತರಂಗದೂರ 589.0 ಮತ್ತು 589.6 ನ್ಯಾನೊಮೀಟರ್, ಸೂರ್ಯನ ಗೆರೆಯದು 587.6. ಅದು ಹೋಲುವ ಸಹಿ, ಅದೇ ಸಹಿಯಲ್ಲ! ಅದರ ಒಡೆಯನೇ ಹೀಲಿಯಮ್. ಭೂಮಿಯ ಖನಿಜವೊಂದರಿಂದ ಹೊರಟ ಅನಿಲದಲ್ಲಿ ಇದೇ ಗೆರೆಯನ್ನು 1895ರಲ್ಲಿ ರ‍್ಯಾಮ್ಸೆಯವರು ಕಂಡ ಮೇಲೆ ಸಂಶಯವುಳಿಯಲಿಲ್ಲ.

ನಮ್ಮ ದೇಶದ 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯು ಡಿಜಿಟಲ್ ಸಹಿಗೂ ಮಾನ್ಯತೆಯಿತ್ತಿತು. ಅದು ಹೆಸರು ಬರೆದ ಚಿತ್ರವಲ್ಲ. ಸಹಿ ಮಾಡುವವನ ಬಳಿಯಷ್ಟೇ ಇರುವ ಗುಪ್ತ ಸಂಖ್ಯೆಯಿಂದ ಲೆಕ್ಕಹಾಕಿ ಪಡೆದ ಗುರುತು. ಆಮೇಲೆ ಪತ್ರದ ಒಂದಕ್ಷರ ತಿದ್ದಿದರೂ ತಾಳೆ ತಪ್ಪುವುದು. ತಾಮ್ರಶಾಸನದ ಬಳೆಯ ಕಾರ್ಯವೂ ಇದೇ ಅಲ್ಲವೆ?

ಸಹಿಯು ಅದನ್ನಿಟ್ಟವನ ಪರವಾಗಿ, ಅವನಿಲ್ಲದೆಡೆಯಲ್ಲಿ ಸಾಕ್ಷಿ ನುಡಿಯುತ್ತದೆ. ಆದುದರಿಂದ ಬೇರೆಯವರ ಸಹಿಯನ್ನು ತಾಳೆ ನೋಡದೆ ನಂಬಬಾರದು. ಪತ್ರವನ್ನು ಓದದೆ ನಮ್ಮ ಸಹಿಯನ್ನು ಹಾಕಬಾರದು.