ಬೆಳೆಯ ನಂಜು ಅರ್ಬುದದ ಔಷಧವನ್ನು ಹೊರುವ ಬಗೆ

ಚನ್ನರಾಯಪಟ್ಟಣದ ಆಲೂಗೆಡ್ಡೆಯ ಹೊಲಗಳಲ್ಲಿಯೂ ಅರಕಲಗೂಡು ಕಡೆಯ ಹೊಗೆಸೊಪ್ಪಿನಲ್ಲಿಯೂ ಎಲೆಗೆ ಹಳದಿ ಮಚ್ಚೆಯೆಬ್ಬಿಸುವ ನಂಜುರೋಗವು ಜಮೀನುದಾರರಿಗೆ ಹೊಸದಲ್ಲ. ಈ ನಂಜಿನ ವೈರಸ್ಸುಗಳಿಂದಲೇ ಕ್ಯಾನ್ಸರೆಂಬ ಅರ್ಬುದರೋಗದ ಔಷಧವನ್ನು ಹೊರಿಸುವ ಪ್ರಯೋಗಗಳು ಅಮೆರಿಕದಲ್ಲಿ ನಡೆದಿವೆ. ಅರ್ಧ ತಿಳಿದ ಮಾತು ಊರಿನಲ್ಲಿ ಬೇಗ ಹಬ್ಬುವುದರಿಂದ ಗ್ರಾಮದ ಮುಖ್ಯಸ್ಥರು ಇದನ್ನು ಸರಿಯಾಗಿ ಅರಿತಿರುವುದು ಉಚಿತ.

ಅರ್ಬುದದ ಔಷಧವು ರಕ್ತದೊಡನೆ ಹರಿದು ಒಳ್ಳೆಯ ಜೀವಕೋಶಗಳನ್ನೂ ಕೊಲ್ಲುವುದು. ಕೂದಲುದುರುವುದೂ ವಾಂತಿಯೂ ಇದರಿಂದಲೇ. ಸಸ್ಯದ ವೈರಸ್ಸಾದರೋ ಮನುಷ್ಯನಲ್ಲಿ ವೃದ್ಧಿಯಾಗದು. ಹೊಗೆಸೊಪ್ಪಿನದು ಪೊಳ್ಳು ಕೊಳವೆ. ಉದ್ದವು ಮಿಲಿಮೀಟರಿನ 10 ಲಕ್ಷ ಭಾಗಗಳಲ್ಲಿ 300 ಮಾತ್ರ. ಗಂತಿಯ ರಕ್ತನಾಳಗಳು ಸಂದುಬಿಟ್ಟಿರುವುದರಿಂದ ಇಂಥ ಕಣಗಳು ಅಲ್ಲಿ ನುಸುಳಿ ನಿಲ್ಲಬಲ್ಲವು. ಈ ಕೊಳವೆಯಲ್ಲಿ ಪ್ಲಾಟಿನಂ ಔಷಧವನ್ನು ತುಂಬಿ 2016ರಲ್ಲಿಯೂ, ಆಲೂಗೆಡ್ಡೆಯ ‘ಎಕ್ಸ್’ ವೈರಸ್ಸಿಗೆ ಡಾಕ್ಸೊರುಬಿಸಿನ್ ಅಂಟಿಸಿ 2017ರಲ್ಲಿಯೂ ಇಲಿಗಳ ಮೇಲೆ ಪರೀಕ್ಷಿಸಲು ಗಂತಿಯ ಬೆಳವಣಿಗೆ ಕುಗ್ಗಿತು. ಉತ್ತರ ಕೆರೊಲೈನಾದಲ್ಲಿ ಕೆಂಪು ಕ್ಲೋವರ್ ಎಂಬ ಮೇವಿನ ಬೆಳೆಯ ವೈರಸ್ಸಿನಿಂದ ಮಾಡಿದ ಉಪಾಯವು ಇನ್ನೂ ಸೊಗಸು. ಕ್ಯಾಲ್ಸಿಯಂ ಹೆಚ್ಚಿರುವ ರಕ್ತದಲ್ಲಿ ಅದರ ರಂಧ್ರಗಳು ಮುಚ್ಚಿದ್ದು, ಅದು ಕಡಮೆಯಿರುವ ಜೀವಕೋಶದೊಳಗೆ ತೆರೆದು ಔಷಧವನ್ನು ಬಿಡುತ್ತವೆ.

ಆದರೆ ಇದು ರೋಗಿಗಳಿಗೆ ಕೊಡುವ ಮದ್ದಾಗಿ ಆಸ್ಪತ್ರೆಗಳಿಗೆ ಇನ್ನೂ ಬಂದಿಲ್ಲ. ನಂಜು ಹಿಡಿದ ಹೊಗೆಸೊಪ್ಪಿನ ಕಷಾಯ ಕುಡಿದವನಿಗೆ ನಿಕೋಟಿನ್ ವಿಷವೇರುವುದೇ ಹೊರತು ಗುಣವಾಗದು. (ಆ ಸೊಪ್ಪನ್ನು ಅಗಿಯುವುದರಿಂದಲೇ ಬಾಯಿಯ ಅರ್ಬುದ ಬರುವುದಷ್ಟೆ!) ಬಾಯಲ್ಲಿ ಮಾಯದ ಹುಣ್ಣುಳ್ಳವರನ್ನು ತಡಮಾಡದೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಹೊಲದಲ್ಲಿ ಮಚ್ಚೆ ಕಂಡ ಗಿಡವನ್ನು ಕಿತ್ತು ಸುಡಿಸಬೇಕು. ಬೀಡಿ ಸೇದಿದವರನ್ನು ಸೋಪಿನಿಂದ ಕೈ ತೊಳೆಯುವವರೆಗೆ ಹೊಗೆಸೊಪ್ಪಿನ ಸಸಿಮಡಿಯೊಳಕ್ಕೆ ಬಿಡಕೂಡದು.